ಪಕ್ಕದ ಕುರ್ಚಿ

ತಿಪಟೂರಿನ ಕೊಬ್ಬರಿ ಮಂಡಿಯ ತೋಂಟದಾರ್ಯನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಊರಿನಲ್ಲಿ ಕಂಪ್ಯೂಟರ್ ಇದ್ದವರೆಲ್ಲ ಅದನ್ನು ಸಮುದಾಯ ಭವನಕ್ಕೆ ಹೊತ್ತು ತರುತ್ತಾರೆ. ಎಲ್ಲಕ್ಕೂ ಇವನು ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು ಬಿಟ್ಟಿಯಾಗಿ ಹಾಕಿಕೊಡಬೇಕು. ಸಿಕ್ಕಿಸಿದ ಪ್ಲಗ್ಗನ್ನೇ ಕಿತ್ತು ಮತ್ತೆ ಸಿಕ್ಕಿಸುತ್ತಾನೆ. ಕೊಬ್ಬರಿಕಾಯಿ ಅಲ್ಲಾಡಿಸಿ ಸದ್ದು ಕೇಳುವ ಚಾಳಿಯಲ್ಲಿ ಸಿ.ಡಿ. ಡಬ್ಬಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ಒಳಗಿರೋದು ಏನೂ ಅಳಿಸೋಗಲ್ಲ ಕಣ್ರೀ, ಧೈರ್ಯವಾಗಿ ತನ್ನಿ!" ಎನ್ನುತ್ತಾನೆ. ಪುಸ್ತಕ ನೋಡಿಕೊಂಡು ಒಬ್ಬನೇ ಕಲಿತವನು. ತಪ್ಪಿದಾಗ ಕೇಳೋಣವೆಂದರೆ ಊರಲ್ಲಿ ಇದು ತಿಳಿದವರು ಇನ್ನೊಬ್ಬರಿರಲಿಲ್ಲ. ಆದರೂ ಮನೆಯ ಕಂಪ್ಯೂಟರ್ ಮುಂದೆ ಮೊದಲಿನಿಂದಲೂ ಎರಡು ಕುರ್ಚಿ ಹಾಕಿದ್ದಾನೆ. ಯಾರೂ ಕೂರದ ಆ ಎರಡನೆಯದನ್ನು ಈಗ ಒರೆಸಿ ತಲೆಯ ಮೇಲಿಟ್ಟುಕೊಂಡು ಹೊರಟಿದ್ದಾನೆ. "ಭವನದ ತುಂಬ ಕುರ್ಚಿ ಅವೆಯಲ್ರೀ?" ಎಂದಳು ಹೆಂಡತಿ ಸರ್ವಮಂಗಳ. "ಅವೆ ಕಣೇ. ಇದ್ರ ಮೇಲೂ ಯಾರಾದ್ರೂ ಕೂರ್ಲಿ ಅಂತ."