ಅಂಗಳದ ಹಗೇವು

ಬೆಳಿಗ್ಗೆ ಎದ್ದು ಅಂಗಳಕ್ಕೆ ಸಗಣಿನೀರು ಹಾಕಿ, ರಂಗೋಲಿ ಎಳೆದು, ಡೈರಿಗೆ ಹಾಲು ಕಳಿಸಿ, ಕಾಫಿಗಿಟ್ಟಿದ್ದೆ. ದಿನಾ ಮಾಡುವ ಕೆಲಸವೇ. ಅಂಗಳದ ಅರ್ಧಕ್ಕೆ ಮಾತ್ರ ನೀರು ಹಾಕುವುದೂ ದಿನದ ಅಭ್ಯಾಸವೇ. ನಟ್ಟನಡುವೆ ಒಂದು ಚಪ್ಪಡಿ ಕಲ್ಲಿದೆ. ಅದರ ಈಚೆಗೆ ನನ್ನ ಸಗಣಿನೀರು ನಿಲ್ಲುತ್ತದೆ, ಆಚೆಗೆ ವಾರಗಿತ್ತಿ ಸವಿತಾಳದು. ಮನೆ ಪಾಲಾದ ಮೇಲೆ ಆ ಕಲ್ಲಿಗೆ ಇಬ್ಬರೂ ರಂಗೋಲಿ ಹಾಕಿಲ್ಲ.

ಹೊರಗೆ ಹಾರೆಯ ಸದ್ದಾಯಿತು. ಹಿಂದೆಯೇ ಒಂದು ವಾಸನೆ ಅಡಿಗೆಮನೆಗೆ ಬಂತು. ಹಳೇ ರಾಗಿ, ಒಣಹುಲ್ಲು, ಬಿಸಿಲು ಕಾಣದ ಮಣ್ಣು. ನಿಮಗೆ ಹೇಗೆ ಹೇಳಲಿ, ತೀರಿಹೋದ ನಮ್ಮತ್ತೆಯ ಸೆರಗಿನ ವಾಸನೆ ಅದು. ಗಂಡಸರು ಕಲ್ಲೆತ್ತಿ ಹಗೇವಿನ ಬಾಯಿ ತೆರೆದಿದ್ದರು.

ಹಗೇವು ಅಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ನಮ್ಮ ಯಜಮಾನರ ಮುತ್ತಾತ ಒಂದು ಜೊತೆ ಎತ್ತು ಹೊಡೆದುಕೊಂಡು ಮಂಡ್ಯದ ಕಡೆಯ ಕೊಪ್ಪದ ಪಕ್ಕದ ಈ ದಿಬ್ಬಕ್ಕೆ ಬಂದಾಗ ನಾಲೆ ಇರಲಿಲ್ಲ, ಕಬ್ಬಿರಲಿಲ್ಲ. ಕುರುಚಲು ಗಿಡ, ಮಳೆ ನಂಬಿದ ರಾಗಿ, ಅಷ್ಟೇ. ಅವರು ಮೊದಲು ತೋಡಿದ್ದು ಹಗೇವನ್ನು. ತಾವು ಗರಿ ಗುಡಿಸಲಲ್ಲಿ ನೆನೆಯುತ್ತಾ ರಾಗಿಯನ್ನು ಬೆಚ್ಚಗಿಟ್ಟರಂತೆ. ಗೋಡೆ ಎದ್ದದ್ದು ಆಮೇಲೆ, ಅದೂ ಹಗೇವು ಬಾಗಿಲೆದುರು ಕಾಣುವ ಹಾಗೆ. ಅತ್ತೆ ಇದನ್ನೆಲ್ಲ ತಾವೇ ಪಕ್ಕದಲ್ಲಿ ನಿಂತು ಮಣ್ಣು ಹೊತ್ತವರಂತೆ ಹೇಳುತ್ತಿದ್ದರು.

ನಾನು ಮಂಡ್ಯದ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದ ಹೊಸತರಲ್ಲಿ ಇಲ್ಲಿಯ ಮಾತಿಗೆಲ್ಲ ಮನಸ್ಸಿನಲ್ಲೇ ಒಂದು ‘ಹ’ ಸೇರಿಸಿಕೊಳ್ಳುವುದನ್ನು ಕಲಿತಿದ್ದೆ. ಆಲು ಅಂದರೆ ಹಾಲು, ಅಳ್ಳಿ ಅಂದರೆ ಹಳ್ಳಿ. ಜಾಣೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಒಂದು ಸಂಜೆ ಅತ್ತೆ ನನ್ನ ಮೈದುನನಿಗೆ, “ಅಗೆ ತಗುದು ಬಾಳ ದಿನ ಆಯ್ತು ಕಣ್ಲಾ ನಿಂಗರಾಜ. ನಾಳೀಕೆ ನಿಮ್ಮಣ್ಣುನ್ನೂ ಕರ್ಕೊ, ಅಗ್ಗ ತತ್ತಾ” ಅಂದರು. ಅಗ್ಗ ಅಂದರೆ ಹಗ್ಗ. ಅಗೆ ಅಂದರೆ? ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನೆನಪಾಯಿತು: ಹಗೆ, ವೈರ.

“ಯಾರ ಮೇಲೆ ಅತ್ತೆ ದ್ವೇಷ?” ಅಂತ ಕೇಳಿಯೇಬಿಟ್ಟೆ.

ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಅಯ್ಯೋ ನನ್ ಗಿಣಿಯೇ! ಅಗೇವು ಕಣಮ್ಮ ಅದು, ರಾಗಿ ಗುಂಡಿ. ಲೇ ಬಾರ್ಲಾ ಇಲ್ಲಿ, ನಿಮ್ಮತ್ಗೆ ಕೊಲೆ ಆಯ್ತದೆ ಅಂತ ಎದ್ರವ್ಳೆ!”

ಮರುದಿನ ನೋಡಿದೆ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ಇರುತ್ತದೆ. ಹಗ್ಗಕ್ಕೆ ಲಾಟೀನು ಕಟ್ಟಿ ಮೊದಲು ಅದನ್ನು ಇಳಿಬಿಡಬೇಕು. ದೀಪ ಆರಿದರೆ ಕಾಯಬೇಕು, ಉರಿದರೆ ಒಬ್ಬ ಇಳಿಯಬೇಕು, ಮೇಲೊಬ್ಬ ಹಗ್ಗ ಹಿಡಿದಿರಬೇಕು. ಅಣ್ಣ ಇಳಿದರೆ ತಮ್ಮ ಹಿಡಿಯುತ್ತಿದ್ದ. ಮುಂದೆ ಸವಿತಾ ಬಂದ ಮೇಲೆ ನಾವಿಬ್ಬರೂ ಅಂಗಳದಲ್ಲಿ ಕೂತು ರಾಗಿ ಕೇರುತ್ತಿದ್ದೆವು. “ಅಕ್ಕ, ನಿಮ್ ಮೂಗಿನ್ ಮ್ಯಾಲಿರೋ ರಾಗೀಲೇ ಒಂದ್ ಮುದ್ದೆ ಮಾಡ್ಬೋದು” ಅಂತ ಅವಳು ಧೂಳಿಗೆ ಸೀನುತ್ತಲೇ ನಗಿಸುತ್ತಿದ್ದಳು.

ಪಾಲು ಯಾಕಾಯಿತು ಅಂತ ಕೇಳಬೇಡಿ. ಬದುವಿನ ಮೇಲೆ ಒಂದು ಮಾತು ಬಂತು, ಅದಕ್ಕೊಂದು ಮಾತು ಬೆಳೆಯಿತು. ಆಮೇಲೆ ಮಾತೇ ನಿಂತಿತು. ಕೊನೆಗಾಲದಲ್ಲಿ ಅತ್ತೆ ಕೇಳಿದ್ದು ಒಂದೇ. “ಅಗೇವ ಮುಚ್ಬ್ಯಾಡಿ. ಒಬ್ರ ಕೈಲಿ ತಗಿಯಾಕಾಗ್ದೇ ಇರದು ಈ ಅಟ್ಟೀಲಿ ಒಂದಾರ ಇರ್ಲಿ.” ಅವರು ಹೋದ ಮೇಲೆ ಅದನ್ನು ಯಾರೂ ತೆಗೆಯಲಿಲ್ಲ. ಆದರೂ ಆ ಕಲ್ಲು ಅಲ್ಲಿರುವ ತನಕ ಒಂದು ದಿನ ಹಗ್ಗ ಹಿಡಿಯಲಿಕ್ಕಾದರೂ ಆಚೆಮನೆಯವರನ್ನು ಕರೆಯಬೇಕಾಗುತ್ತದೆ ಅಂತ ನನಗೊಂದು ಆಸೆ ಇತ್ತು.

ಈಗ ಅಂಗಳದ ನಡುವೆ ಗೋಡೆ ಬರಬೇಕು. ಅದಕ್ಕೆ ಹಗೇವು ಅಡ್ಡ. ಇಷ್ಟು ವರ್ಷಗಳಲ್ಲಿ ಅಣ್ಣ ತಮ್ಮ ಒಂದೇ ಮಾತಿಗೆ ಒಪ್ಪಿದ್ದು ಇದೊಂದಕ್ಕೇ.

ಟ್ರ್ಯಾಕ್ಟರು ಮಣ್ಣು ತಂದು ನಿಂತಿತು. ಇವರು ಬಗ್ಗಿ ನೋಡಿ, ಯಾರಿಗೆಂದಲ್ಲದೆ, “ದೀಪ ಬುಡಿ” ಅಂದರು.

“ಮುಚ್ಚಕ್ಕೆ ದೀಪ ಯಾಕಣ್ಣೋ?” ಅಂತ ಟ್ರ್ಯಾಕ್ಟರಿನವನು ನಕ್ಕ.

ಪಾಲಿನಲ್ಲಿ ಹಗ್ಗ ನಮಗೆ ಬಂದಿತ್ತು, ಲಾಟೀನು ಅವರಿಗೆ ಹೋಗಿತ್ತು. ನಾನು ಹಗ್ಗ ತಂದೆ. ಸವಿತಾ ಒಳಗೆ ಹೋಗಿ ಲಾಟೀನು ಹಚ್ಚಿಕೊಂಡು ಬಂದಳು. ಗಾಜನ್ನು ಒರೆಸಿದ್ದಳು. ನಾನು ಅದಕ್ಕೆ ಹಗ್ಗ ಕಟ್ಟತೊಡಗಿದೆ. “ಗಂಟು ಬಿಗಿಯಾಗಿ ಆಕಕ್ಕ” ಅಂದಳು. ಎಷ್ಟು ವರ್ಷದ ಮೇಲೆ ಬಂದ ‘ಅಕ್ಕ’ ಅದು! ಗಂಟು ಬಿಗಿದೆ, ಅಷ್ಟೇ.

ನಿಂಗರಾಜ ಹಗ್ಗ ಬಿಟ್ಟ. ಲಾಟೀನು ತಳ ಮುಟ್ಟಿತು. ಹೊಟ್ಟು ಬಿಟ್ಟರೆ ಒಳಗೇನಿಲ್ಲ. ದೀಪ ಸ್ವಲ್ಪವೂ ಅಲುಗದೆ ಚೆನ್ನಾಗಿ ಉರಿಯಿತು. ಇಳಿಯಬಹುದಿತ್ತು. ನಾಲ್ವರೂ ಬಗ್ಗಿ ಅದನ್ನೇ ನೋಡಿದೆವು. ಆಮೇಲೆ ಅವನು ಹಗ್ಗ ಎಳೆದುಕೊಂಡ, ನನಗೆ ಹಗ್ಗ, ಅವಳಿಗೆ ಲಾಟೀನು ವಾಪಸು ಬಂತು. ಟ್ರ್ಯಾಕ್ಟರು ಹಿಂದಕ್ಕೆ ಸರಿದು ಮಣ್ಣು ಸುರಿಯಿತು.

ಸಂಜೆ ಹೊಸ ಮಣ್ಣಿನ ಮೇಲೆ ನೀರು ಚಿಮುಕಿಸುತ್ತಿದ್ದೆ. ಎಲ್ಲಿಗೆ ನಿಲ್ಲಿಸಬೇಕೋ ತಿಳಿಯಲಿಲ್ಲ, ಕಲ್ಲಿರಲಿಲ್ಲವಲ್ಲ. ಎದುರುಮನೆಯ ಕೆಂಪಮ್ಮ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದವಳು ನಿಲ್ಲದೆಯೇ ಹೇಳಿದಳು:

“ಅಗೆ ಮುಚ್ಚುದ್ರಂತೆ? ಬುಡವ್ವ, ಈಗಿನ ಕಾಲ್ದಲ್ಲಿ ಯಾರ್ ಮನೇಲದೆ ಅಗೆ!”