ನಾಟಿ ಇಮಾನ

ನಮ್ಮೂರಿನ ಆಕಾಶದಲ್ಲಿ ಆಗ ಹದ್ದು, ಬೆಳ್ಳಕ್ಕಿ ಬಿಟ್ಟರೆ ಬೇರೇನೂ ಹಾರುತ್ತಿರಲಿಲ್ಲ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬೆಂಗಳೂರಿನ ಕಡೆಯಿಂದ ವಿಮಾನವೊಂದು ಬಿಳಿ ಗೆರೆ ಎಳೆದುಕೊಂಡು ಹೋದರೆ, ಹೊಲದಲ್ಲಿದ್ದವರು ಕುಡುಗೋಲು ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು, ಅದು ಕಣ್ಮರೆಯಾಗುವ ತನಕ ನೋಡುತ್ತಿದ್ದರು. ನಾವು ಮಕ್ಕಳು 'ಇಮಾನ, ಇಮಾನ' ಎಂದು ಬದುವಿನ ಮೇಲೆ ಕಿರುಚಿಕೊಂಡು ಓಡುತ್ತಿದ್ದೆವು. ನಮ್ಮ ಸೀಮೆಯವರ ಬಾಯಲ್ಲಿ 'ವಿ' ನಿಲ್ಲುವುದಿಲ್ಲ, 'ಹ' ಅಂತೂ ಹುಟ್ಟುವುದೇ ಇಲ್ಲ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ನಾನು ಹೇಳಹೊರಟಿರುವುದು ಬಾಂಗ್ಲಾ ಯುದ್ಧ ನಡೆದ ಚಳಿಗಾಲದ ಮಾತು. ಆಗ ನನಗೆ ಒಂಬತ್ತು ವರ್ಷ.

ಆ ವರ್ಷ ಅವರೆ ಚೆನ್ನಾಗಿ ಆಗಿತ್ತು. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಏರುತ್ತದೆ ಅನ್ನುತ್ತಾರಲ್ಲ, ಊರಿಗೆ ಊರೇ ಆ ವಾಸನೆಯಲ್ಲಿ ಮುಳುಗಿತ್ತು. ಸಂಜೆಯಾದರೆ ನಮ್ಮ ಮನೆಯ ಜಗಲಿಯ ಮೇಲೆ ಅವ್ವ ಮತ್ತು ಗೌರತ್ತೆ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಸಿಪ್ಪೆ ಹಿದುಕುತ್ತ ಕೂತಿರುತ್ತಿದ್ದರು. ಗೌರತ್ತೆ ನನ್ನ ಅಪ್ಪನ ಒಬ್ಬಳೇ ತಂಗಿ. ಚನ್ನರಾಯಪಟ್ಟಣದ ಕಡೆ ಕೊಟ್ಟಿತ್ತು. ಇಪ್ಪತ್ತು ವರ್ಷ, ಚೊಚ್ಚಲ ಬಸುರಿ. ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಅವಳ ಗಂಡ ಚಂದ್ರು ಮಾವ ವಾಯುಸೇನೆಯಲ್ಲಿದ್ದರು. ಉತ್ತರದಲ್ಲಿ ಎಲ್ಲೋ ಒಂದು ವಿಮಾನ ನಿಲ್ದಾಣ. ಎಲ್ಲಿ ಅನ್ನುವುದನ್ನು ಕಾಗದದಲ್ಲಿ ಬರೆಯುವ ಹಾಗಿರಲಿಲ್ಲ.

ಮಾವ ವಿಮಾನ ಹಾರಿಸುತ್ತಾರೆ ಎಂದೇ ಊರೆಲ್ಲ ನಂಬಿತ್ತು. ಗೌರಿ ಹಬ್ಬಕ್ಕೆ ರಜೆಯಲ್ಲಿ ಬಂದಿದ್ದಾಗ ನಾನು ಅವರನ್ನೇ ಕೇಳಿದ್ದೆ. ಅವರು ಜೋರಾಗಿ ನಕ್ಕುಬಿಟ್ಟರು.

"ಇಲ್ಲ ಕಣವ್ವ. ಆರಿಸೋರೆಲ್ಲ ಆಫೀಸರುಗಳು. ನಾನು ಕೆಳಗಿರೋನು. ನಿಮ್ಮಪ್ಪ ಎತ್ತಿನ ಮೈ ತೊಳ್ದು, ಉಲ್ಲಾಕಿ, ನೊಗ ಕಟ್ತಾನಲ್ಲ, ಅಂಗೆ. ಎಣ್ಣೆ ತುಂಬ್ತೀನಿ, ಗುಂಡು ತುಂಬ್ತೀನಿ, ಒಳಗೆ ಕೂತೋರಿಗೆ ಬೆಲ್ಟ್ ಬಿಗ್ದು ಕಳಿಸ್ತೀನಿ. ಅವ್ರು ವಾಪಸ್ ಬರೋಗಂಟ ಕತ್ತು ಎತ್ಕಂಡು ನಿಂತಿರ್ತೀನಿ, ಅಷ್ಟೇಯ."

ಆಮೇಲೆ ಕಣ್ಣು ಹೊಡೆದು, "ಊರೋರಿಗೆ ಯೋಳ್ಬ್ಯಾಡ, ನನ್ ಮರ್ವಾದೆ ಓಯ್ತದೆ" ಎಂದರು. ನಾನು ಯಾರಿಗೂ ಹೇಳಲಿಲ್ಲ. ನನಗೂ ಒಳಗೊಳಗೇ ಜಂಭ ಇತ್ತು ನೋಡಿ.

ಊರಿಗೆ ಇದ್ದದ್ದು ಒಂದೇ ರೇಡಿಯೋ, ಶಾಲೆಯ ಮೇಷ್ಟ್ರ ಮನೆಯಲ್ಲಿ. ಸಂಗೀತಕ್ಕೆ ಹೆಸರಾದ ರುದ್ರಪಟ್ಟಣದ ಕಡೆಯವರು, ಕಚೇರಿ ಕೇಳಬೇಕೆಂದು ಸಂಬಳ ಉಳಿಸಿ ತಂದಿದ್ದರು. ಪಾಪ, ಆ ಚಳಿಗಾಲ ಅವರಿಗೆ ಒಂದು ಕೀರ್ತನೆಯನ್ನೂ ನೆಟ್ಟಗೆ ಕೇಳಗೊಡಲಿಲ್ಲ ನಮ್ಮ ಜನ. ಸಂಜೆ ವಾರ್ತೆಯ ಹೊತ್ತಿಗೆ ಕಂಬಳಿ ಹೊದ್ದುಕೊಂಡು ಜಗಲಿ ತುಂಬ ಕೂತುಬಿಡುತ್ತಿದ್ದರು. ತುಂಬಿದ ಬಸುರಿ ಚಳಿಯಲ್ಲಿ ಹೊರಗೆ ಹೋಗಬಾರದೆಂದು ಗೌರತ್ತೆಯ ಪರವಾಗಿ ನಾನು ಹೋಗುತ್ತಿದ್ದೆ. ಕೇಳಿಸಿಕೊಂಡು ಬಂದು ಒಪ್ಪಿಸುವುದು ನನ್ನ ಕೆಲಸ.

ಯುದ್ಧ ಶುರುವಾಗುವ ಮೊದಲೇ, ಗಡಿಯಲ್ಲಿ ಚಕಮಕಿ ನಡೆಯುತ್ತಿದ್ದಾಗ, ಒಂದು ಸಂಜೆ ರೇಡಿಯೋ ಹೇಳಿತು, ನಮ್ಮ ನ್ಯಾಟ್ ವಿಮಾನಗಳು ಶತ್ರುಗಳ ದೊಡ್ಡ ವಿಮಾನಗಳನ್ನು ಹೊಡೆದುರುಳಿಸಿವೆ ಎಂದು. ಪಕ್ಕದ ಮನೆಯ ಬೋರಜ್ಜ ನೆಟ್ಟಗೆ ಕೂತ.

"ಏನಂದ? ನಾಟಿ ಅಂದ್ನಾ?"

"ನಾಟಿ ಅಲ್ಲ ಬೋರಜ್ಜ, ನ್ಯಾಟ್. ಇಂಗ್ಲಿಷಿನಲ್ಲಿ ನ್ಯಾಟ್ ಅಂದರೆ ನೊರಜು" ಎಂದರು ಮೇಷ್ಟ್ರು.

"ಇಮಾನಕ್ಕೆ ಯಾರಾರ ನೊರಜು ಅಂತ ಎಸ್ರಿಕ್ತಾರಾ ಬುದ್ಧಿ? ನಾಟೀನೇ ಅದು. ಎಲ್ಲಿ ಮಾಡಿದ್ದಂತೆ?"

"ಬೆಂಗಳೂರಿನಲ್ಲೇ ಮಾಡುತ್ತಾರೆ. ಬಹಳ ಚಿಕ್ಕ ವಿಮಾನ."

"ಆ! ನಾನೇನಂದೆ? ಸೀಮೆ ಕೋಳಿ ಮೈ ಬೆಳೆಸ್ಕಂಡು ಬಿದ್ದಿರ್ತದೆ. ನಮ್ ನಾಟಿ ಕೋಳಿ ಇಡಿಯಾಕಾಯ್ತದೇನ್ರಲಾ? ಗರಿಗೆ ಕೈ ತಾಕಕ್ಕಿಲ್ಲ, ಬೇಲಿ ಆರಿ ಓಗಿರ್ತದೆ!"

ಜಗಲಿಯೆಲ್ಲ ಹೋ ಎಂದಿತು. ಆವತ್ತಿನಿಂದ ನಮ್ಮೂರಲ್ಲಿ ಅದು ನಾಟಿ ಇಮಾನವೇ ಆಯಿತು, ಶತ್ರುಗಳದ್ದು ಸೀಮೆ ಇಮಾನ. ಮೇಷ್ಟ್ರು ನಾಲ್ಕು ದಿನ ತಿದ್ದಿ, ಐದನೇ ದಿನ ತಾವೇ 'ನಾಟಿ' ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ರಾಗಿ ಮೆದೆ ಹಾಕಿದ್ದ ಕಣದಲ್ಲಿ ನಾವು ಎರಡೂ ಕೈ ಚಾಚಿ ಝುಯ್ಯೆಂದು ಯುದ್ಧ ಮಾಡುತ್ತಿದ್ದೆವು. ಸೀಮೆ ಇಮಾನ ಆಗಲು ಯಾರೂ ಒಪ್ಪುತ್ತಿರಲಿಲ್ಲ. ನನ್ನನ್ನಂತೂ ಯಾರೂ ಕೇಳುವ ಹಾಗೇ ಇರಲಿಲ್ಲ. ನನ್ನ ಮಾವನದೇ ಇಮಾನ ಅಲ್ಲವೇ?

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ದಿನವೂ ಸುದ್ದಿ. 'ನಮ್ಮ ವಿಮಾನಗಳೆಲ್ಲ ಸುರಕ್ಷಿತವಾಗಿ ಮರಳಿವೆ' ಎಂದು ಬಂತೆಂದರೆ ನಾನು ಮುಂದಿನದನ್ನು ಕೇಳುತ್ತಲೇ ಇರಲಿಲ್ಲ, ಲಂಗ ಎತ್ತಿಕೊಂಡು ಮನೆಗೆ ಓಟ. ಬೀದಿ ತಿರುವಿನಿಂದಲೇ ಕೂಗು: "ಅತ್ತೇ, ಎಲ್ಲಾ ವಾಪಸ್ ಬಂದ್ವಂತೆ!" ಗೌರತ್ತೆ ಉಸಿರು ಬಿಟ್ಟು, ಹುರಿದ ಹಿದುಕುಬೇಳೆ ಒಂದು ಹಿಡಿ ನನ್ನ ಕೈಗೆ ಹಾಕುತ್ತಿದ್ದಳು.

ಒಂದು ಸಂಜೆ, ಶತ್ರುಗಳು ನಮ್ಮ ನಿಲ್ದಾಣವೊಂದರ ಮೇಲೆ ಬಾಂಬು ಹಾಕಿದರೆಂದೂ ನಮ್ಮ ವಿಮಾನಗಳಿಗೆ ಯಾವ ಹಾನಿಯೂ ಆಗಿಲ್ಲವೆಂದೂ ರೇಡಿಯೋ ಹೇಳಿತು. ಆವತ್ತೂ ಹಾಗೇ ಓಡಿದೆ, ಹಾಗೇ ಕೂಗಿದೆ. ಆಗಿನ ಸುದ್ದಿಯಲ್ಲಿ ವಿಮಾನಗಳನ್ನು ಎಣಿಸುತ್ತಿದ್ದರು. ಕೆಳಗೆ ನಿಂತು ಕಾಯುವವರನ್ನು ಎಣಿಸಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ನನಗೆ ಅದು ತಿಳಿಯಲೂ ಇಲ್ಲ.

ಅದಾದ ನಾಲ್ಕನೇ ದಿನ ನಾನು ಮೇಷ್ಟ್ರ ಮನೆಗೆ ಸ್ವಲ್ಪ ಬೇಗ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ನಡುಮನೆಯಲ್ಲಿ ಅಪ್ಪ ನಿಂತಿದ್ದ. ಅಂಚೆಯವನು ಅಪ್ಪನನ್ನು ಕಣದಲ್ಲೇ ಹಿಡಿದು ಟೆಲಿಗ್ರಾಂ ಕೊಟ್ಟಿದ್ದನಂತೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಮೇಷ್ಟ್ರು ಅದನ್ನು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

"ಚಂದ್ರು ಹೋಗಿಬಿಟ್ಟನಪ್ಪ" ಎಂದರು. "ನಿಲ್ದಾಣದ ಮೇಲೆ ಬಾಂಬು ಬಿದ್ದ ದಿನವೇ. ಅಲ್ಲೇ ಸಂಸ್ಕಾರ ಮಾಡಿದ್ದಾರೆ."

ಅಪ್ಪ ಗೋಡೆಗೆ ಒರಗಿ ಕೂತ. "ಗೌರಿಗೆ ಇದು ತುಂಬಿದ ತಿಂಗ್ಳು ಬುದ್ಧಿ. ಈಗ ಯೋಳಿದ್ರೆ ಎರಡು ಜೀವ ಓಯ್ತವೆ. ಎರಿಗೆ ಆಗೋಗಂಟ ನಿಮ್ ಬಾಯಿಂದ ಒಂದ್ ಮಾತು ಆಚೆ ಬರ್ಬಾರ್ದು" ಎಂದ. ಆಗ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ. ಹತ್ತಿರ ಕರೆದು ಎರಡೂ ರಟ್ಟೆ ಹಿಡಿದುಕೊಂಡ.

"ಪುಟ್ಟಿ, ನೀನು ದಿನಾ ಯೋಳ್ತಿದ್ದಂಗೇ ಯೋಳ್ಬೇಕು. ಎಲ್ಲಾ ವಾಪಸ್ ಬಂದ್ವು ಅನ್ಬೇಕು. ಆಯ್ತದಾ?"

ನಾನು ತಲೆಯಾಡಿಸಿದೆ. ವಾರ್ತೆ ಮುಗಿದ ಮೇಲೆ ಮನೆಗೆ ಹೋಗಿ, ಜಗಲಿಯ ಮುಂದೆ ನಿಂತು, "ಎಲ್ಲಾ ವಾಪಸ್ ಬಂದ್ವಂತೆ ಅತ್ತೆ" ಎಂದೆ. ಸುಳ್ಳೇನಲ್ಲ ನೋಡಿ, ರೇಡಿಯೋ ಆವತ್ತೂ ಅದನ್ನೇ ಹೇಳಿತ್ತು. ಗೌರತ್ತೆ ನನ್ನ ಮುಖ ನೋಡಿ, ಎಂದಿನಂತೆ ಹಿದುಕುಬೇಳೆ ಕೊಟ್ಟಳು. ಅದನ್ನು ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ ಉಗಿದು ಬಂದೆ.

ಮಾವನಿಗೆ ಹೆತ್ತವರು ಇರಲಿಲ್ಲ, ಅಣ್ಣನೊಬ್ಬ ಇದ್ದ. ಎತ್ತು ನೋಡಿ ಬರುತ್ತೇನೆಂದು ನೆಪ ಹೇಳಿ ಅಪ್ಪ ಚನ್ನರಾಯಪಟ್ಟಣದ ಕಡೆ ಹೋಗಿ ಅವನಿಗೊಬ್ಬನಿಗೆ ತಿಳಿಸಿ ಬಂದ. ಅವ್ವನಿಗೂ ಹೇಳಲಿಲ್ಲ. ಅವ್ವನ ಬಾಯಲ್ಲಿ ಮಾತು ನಿಂತರೂ ಕಣ್ಣಲ್ಲಿ ನಿಲ್ಲುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು.

ಯುದ್ಧ ಗೆದ್ದ ಸುದ್ದಿ ಬಂದ ದಿನ ಊರಿಗೆ ಹುಚ್ಚು ಹಿಡಿಯಿತು. ತಮಟೆ ಬಡಿದುಕೊಂಡು ಎಲ್ಲರೂ ನಮ್ಮ ಮನೆಗೇ ಬಂದರು. ಬೋರಜ್ಜ ಮುಂದೆ, ಕಂಕುಳಲ್ಲಿ ಒಂದು ನಾಟಿ ಕೋಳಿ.

"ನಾಟಿ ಇಮಾನದೋನ ಎಂಡ್ರಿಗೆ ಆರತಿ ಎತ್ರವ್ವ! ಈ ಕೋಳಿ ಬಾಣಂತಿ ಸಾರಿಗೆ, ನಂದು!"

ಹೆಂಗಸರು ಗೌರತ್ತೆಯನ್ನು ಮಣೆಯ ಮೇಲೆ ಕೂರಿಸಿ, ಹಣೆ ತುಂಬ ಕುಂಕುಮ ಇಟ್ಟು, ತಲೆಗೆ ಸೇವಂತಿಗೆ ಮುಡಿಸಿ, ಸೋಬಾನೆ ಹಾಡಿ ಆರತಿ ಬೆಳಗಿದರು. ಗೌರತ್ತೆ ಹಿರಿಯರಿಗೆಲ್ಲ ಕೈ ಮುಗಿದಳು. "ಗಂಡ ಯಾವಾಗ ಬತ್ತಾನವ್ವ?" ಎಂದು ಯಾರೋ ಕೇಳಿದರೆ ತಲೆ ತಗ್ಗಿಸಿದಳು. ನಾಚಿಕೆ ಎಂದು ಎಲ್ಲರೂ ನಕ್ಕರು. ಅಪ್ಪನನ್ನು ಹುಡುಕಿಕೊಂಡು ನಾನು ಕೊಟ್ಟಿಗೆಗೆ ಹೋದೆ. ಅಪ್ಪ ಎತ್ತಿನ ಕೊರಳಿಗೆ ಮುಖ ಒತ್ತಿಕೊಂಡು ನಿಂತಿದ್ದ. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಈ ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಯುದ್ಧ ಮುಗಿದ ಮೇಲೆ ಕಷ್ಟ ಇನ್ನೂ ಹೆಚ್ಚಿತು. ರೇಡಿಯೋ ವಿಮಾನಗಳ ಮಾತು ನಿಲ್ಲಿಸಿತ್ತು, ನಾನು ಮಾತ್ರ ನಿಲ್ಲಿಸುವ ಹಾಗಿರಲಿಲ್ಲ. "ಇಮಾನಗಳನ್ನ ತೊಳೀತಾವ್ರಂತೆ ಅತ್ತೆ", "ರಜಾ ಕೊಡಾಕೆ ಇನ್ನೂ ದಿನ ಐತಂತೆ ಅತ್ತೆ." ಒಂಬತ್ತು ವರ್ಷದ ತಲೆಯಲ್ಲಿ ಎಷ್ಟು ಹುಟ್ಟೀತು? ಟೆಲಿಗ್ರಾಂ ಬಂದಂದಿನಿಂದ ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೇ ದಿನ ಬೆಳಗಿನ ಜಾವ ನಾಗು ಹುಟ್ಟಿದಳು.

ಹನ್ನೊಂದು ದಿನ ಕಳೆದ ಮೇಲೆ ಅಪ್ಪ ಬಾಣಂತಿ ಕೋಣೆಯ ಹೊಸ್ತಿಲಾಚೆ ಕೂತು, "ಗೌರವ್ವ, ಚಂದ್ರು..." ಎಂದು ಶುರುಮಾಡಿದ.

"ಸುಮ್ಕಿರಣ್ಣ" ಎಂದಳು ಗೌರತ್ತೆ. ಕೂಸನ್ನು ಪಕ್ಕಕ್ಕೆ ಮಲಗಿಸಿ, ಕೈಬಳೆಗಳನ್ನು ಒಂದೊಂದೇ ತೆಗೆದು ಅವ್ವನ ಕೈಗಿಟ್ಟಳು. ಅವ್ವ ಬೋರಾಡಿ ಅತ್ತಳು, ಬೋರಜ್ಜ ಎದೆ ಬಡಿದುಕೊಂಡ. ಗೌರತ್ತೆಯ ಕಣ್ಣಲ್ಲಿ ಒಂದು ಹನಿ ಇಲ್ಲ. ಎದೆ ಕಲ್ಲಾಗಿದೆ ಎಂದರು ಊರವರು.

ಆಮೇಲೆ ಮಾವನ ಆಫೀಸರಿಂದ ಕಾಗದ ಬಂತು, ಮೇಷ್ಟ್ರು ಓದಿ ಹೇಳಿದರು. ಸೈರನ್ ಕೂಗಿದಾಗ ಎಲ್ಲರೂ ಅಡಗಲು ತೋಡಿದ್ದ ಹಳ್ಳಕ್ಕೆ ಇಳಿದರಂತೆ. ಬಯಲಲ್ಲಿ ನಿಂತಿದ್ದ ಒಂದು ವಿಮಾನವನ್ನು ಮರೆಗೆ ತಳ್ಳಲು ಮಾವ ಇನ್ನಿಬ್ಬರ ಜೊತೆ ಉಳಿದರಂತೆ. ವಿಮಾನ ಮರೆ ಸೇರಿತು, ಮರುದಿನ ಬೆಳಿಗ್ಗೆ ಹಾರಿ, ವಾಪಸ್ಸೂ ಬಂತು. ನಾನು ಕೂಗಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮೊನ್ನೆ ಗಡಿಯಲ್ಲಿ ಮತ್ತೆ ಕಾದಾಟ ಶುರುವಾದಾಗ ನಾನು ಹಾಸನದಲ್ಲಿ ನಾಗುವಿನ ಮನೆಯಲ್ಲಿದ್ದೆ. ಗೌರತ್ತೆ ಮಗಳ ಜೊತೆಯೇ ಇದ್ದಾಳೆ, ಎಪ್ಪತ್ತು ದಾಟಿದೆ, ಕಿವಿ ಚುರುಕಾಗಿದೆ. ಟಿವಿಯವರು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು. ಪರದೆಯ ಮೇಲೆ ಡ್ರೋನುಗಳು. ಯುದ್ಧದ ರೀತಿಯೇ ಬದಲಾಗಿದೆ, ಎಲ್ಲೋ ಕೋಣೆಯಲ್ಲಿ ಕೂತು ಗುಂಡಿ ಒತ್ತಿದರೆ ಸಾಕು ಎಂದು ನಾಗುವಿನ ಮಗ ಅಜ್ಜಿಗೆ ಬಿಡಿಸಿ ಹೇಳಿದ.

"ಒಳಗೆ ಯಾರೂ ಕೂರಕ್ಕಿಲ್ವಾ?"

"ಯಾರೂ ಇಲ್ಲ ಅಜ್ಜಿ. ನಮ್ಮೋರ ಜೀವಕ್ಕೆ ಅಪಾಯನೇ ಇಲ್ಲ."

"ಮೇಲೆ ಇಲ್ಲ, ಸರಿ ಬುಡು. ಕೆಳಗೆ ಯಾರೋ ಇದ್ದೇ ಇರ್ತಾರಲ್ಲ ಮಗ" ಎಂದಳು. ಅವನು ಫೋನು ನೋಡುತ್ತ ಎದ್ದು ಹೋದ.

ಇಬ್ಬರೇ ಉಳಿದಾಗ ನನಗೆ ತಡೆಯಲಾಗಲಿಲ್ಲ. ಐವತ್ತು ವರ್ಷ ಎದೆಯಲ್ಲಿ ಕೂತದ್ದು ಬಾಯಿಗೆ ಬಂತು. "ಅತ್ತೆ, ಆವತ್ತು ನಿಂಗೆ ಸುಳ್ಳು ಯೋಳ್ಬುಟ್ಟೆ. ನನ್ನ ಕ್ಷಮಿಸಿಬುಡು" ಎಂದೆ.

ಗೌರತ್ತೆ ನನ್ನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ನಂಗೆ ಆವತ್ತೇ ಗೊತ್ತಾಯ್ತು ಕಣವ್ವ. ನೀನು ದಿನಾ ಬೀದಿಯಿಂದ್ಲೇ ಕೂಗ್ತಾ ಓಡಿ ಬತ್ತಿದ್ದೆ. ಆವತ್ತು ಸಂಜೆ ನಡ್ಕಂಡು ಬಂದೆ."

ಹಾಗಾದರೆ ಆ ಮಣೆ, ಆ ಕುಂಕುಮ, ಆ ಸೇವಂತಿಗೆ? ಅಷ್ಟು ಜನರ ಎದುರಿಗೆ ಆರತಿಗೆ ತಲೆಬಾಗಿದ ಆ ಇಪ್ಪತ್ತು ವರ್ಷದ ಹುಡುಗಿಗೆ ಎಲ್ಲವೂ ಗೊತ್ತಿತ್ತು.

"ಮತ್ತೆ ಯಾಕತ್ತೆ ಒಂದ್ ಮಾತು ಕೇಳ್ಲಿಲ್ಲ?"

"ಕೇಳಿದ್ರೆ ಅಣ್ಣ ಉಳೀತಿರ್ಲಿಲ್ಲ. ನೀನು ನೋಡಿದ್ರೆ ಮುಖ ಬಾಡಿಸ್ಕಂಡು, ಅಷ್ಟು ಕಷ್ಟಪಟ್ಟು ಯೋಳ್ತಿದ್ದೆ. ಒಟ್ಟೇಲಿ ಕೂಸಿತ್ತು. ಅಳಾಕೆ ಆಮ್ಯಾಕೆ ಬೇಕಾದಷ್ಟು ದಿನ ಇದ್ವಲ್ಲ ಮಗ."

ಈಗ ಸುದ್ದಿಗೆ ಯಾರೂ ಓಡಬೇಕಾಗಿಲ್ಲ, ನಡೆಯಬೇಕಾಗಿಯೂ ಇಲ್ಲ. ಗಡಿಯಲ್ಲಿ ಹೊಗೆ ಎದ್ದ ಗಳಿಗೆಯಲ್ಲೇ ಅದು ಫೋನಿಗೆ ಬಂದು ಬೀಳುತ್ತದೆ, ಬಸುರಿ ಅನ್ನುವುದಿಲ್ಲ, ಬಾಣಂತಿ ಅನ್ನುವುದಿಲ್ಲ. ತಿಳಿಯುವುದು ಒಳ್ಳೆಯದೇ, ಬೇಡ ಅನ್ನಲು ನಾನ್ಯಾರು? ಆದರೆ ಆ ಚಳಿಗಾಲ ನಮ್ಮ ಮನೆಯಲ್ಲಿ ತಂಗಿಗಾಗಿ ಅಣ್ಣ ನುಂಗಿಕೊಂಡಿದ್ದ, ಅಣ್ಣನಿಗಾಗಿ ತಂಗಿ ನುಂಗಿಕೊಂಡಿದ್ದಳು, ಸುಳ್ಳು ಹೇಳುವ ಒಂದು ಮಗುವಿಗಾಗಿ ನಂಬಿದ ಹಾಗೆ ಇದ್ದಳು. ಇವತ್ತು ಅಂಥ ಸುದ್ದಿ ಬಂದರೆ ಒಬ್ಬರಿಗಾಗಿ ಇನ್ನೊಬ್ಬರು ಒಂದು ತಿಂಗಳು ಸುಮ್ಮನಿರುವುದು ಆಗದ ಮಾತು. ನನ್ನ ಕೈಲೂ ಆಗುವುದಿಲ್ಲ.