ಹೆತ್ತಾಕಿಯ ಮುಂಗೈ ಬಣ್ಣ

ಶಾಲೆಯಿಂದ ರಿಟೈರ್ ಆದಮೇಲೆ ಸತ್ತವರಿಗೆ ಬಣ್ಣ ಕೂಡಿಸುವುದೇ ನನ್ನ ಕೆಲಸ. ಕುಂದಗೋಳದ ಸುತ್ತಮುತ್ತ ಯಾರ ಮನೆಯ ಪಡಸಾಲೆಗೆ ತೀರಿಹೋದವರ ಫೋಟೋ ಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಟ್ಯಾಬ್ಲೆಟ್ಟಿನ ಮೇಲೆ ಪೇಂಟ್ ಮಾಡಿ ಹುಬ್ಬಳ್ಳಿಗೆ ಪ್ರಿಂಟಿಗೆ ಕಳಿಸುತ್ತೇನೆ.

ಕಾನ್ವೆಂಟಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದ ಸಿಸ್ಟರ್ "ಲುಕ್ ಫಸ್ಟ್, ಗರ್ಲ್ಸ್" ಎನ್ನುತ್ತಿದ್ದರು. ಆಗ ಕಣ್ಣಿಗೆ ಕಂಡದ್ದೇ ಬಣ್ಣ. ಈಗಿನ ಸ್ಕ್ರೀನು ಹಾಗಲ್ಲ. ಕೋಣೆಯ ಬೆಳಕು ನೋಡಿ ತಾನೇ ಹಳದಿಯಾಗುತ್ತದೆ, ಕೆಂಪನ್ನು ಇನ್ನಷ್ಟು ಕೆಂಪು ಮಾಡುತ್ತದೆ. ಆಟೋ ಬ್ರೈಟ್‌ನೆಸ್, ವಿವಿಡ್ ಮೋಡ್, ಕಣ್ಣಿಗೆ ತಂಪೆಂದು ಹಳದಿ ಬಳಿಯುವ ಮೋಡ್ ಎಲ್ಲ ಆಫ್ ಮಾಡಿ, ಉತ್ತರದ ಕಿಟಕಿಯ ಬಾಜು ಕೂತು, ಹುಬ್ಬಳ್ಳಿಯ ಸ್ಯಾಂಪಲ್ ಪ್ರಿಂಟನ್ನು ಪಕ್ಕಕ್ಕೆ ಹಿಡಿದು ಎರಡೂ ಒಂದಾಗುವ ತನಕ ಹೊಂದಿಸುತ್ತೇನೆ. ಆಮೇಲೆ ಸತ್ತವರ ರಕ್ತಸಂಬಂಧಿಯೊಬ್ಬರ ಮುಂಗೈಯನ್ನು ಸ್ಕ್ರೀನಿನ ಹತ್ತಿರ ಇಡಿಸಿ ಮೈಬಣ್ಣ ಕೂಡಿಸುತ್ತೇನೆ. ಅದು ನನ್ನದೇ ಮೆಥಡ್.

ಹೋದ ಚಳಿಗಾಲ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಸತ್ತ ಸೊಸೆಯ ಫೋಟೋ ಮಾಡಿಸಲು ಬಂದಳು. ಇನ್ನೂ ವರ್ಷ ತುಂಬಿರಲಿಲ್ಲ, ಮಗನಿಗೆ ಬೇರೆ ಹೆಣ್ಣು ಗೊತ್ತಾಗಿತ್ತು. ಹೊಸ ಬೀಗರು ಮನೆ ನೋಡಲು ಬರುವವರಿದ್ದರು.

"ಸ್ವಲ್ಪ ಬೆಳ್ಳಗ ಮಾಡ್ರಿ ಟೀಚರ್. ಇದ್ದಾಗಂತೂ ಹಂಚಿನ ತಳಾನ ಆಗಿದ್ಲು. ಬೀಗರು ನೋಡಿದ್ರ, ಇವರಿಗೆ ಇಂಥಾಕೀನ ಸಿಕ್ಕಿದ್ಲೇನು ಅಂದಾರು."

ಆ ಹುಡುಗಿಯನ್ನು ಅತ್ತೆ ಹೆಸರು ಹಿಡಿದು ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. "ಕರೇಕಿ, ಚಾ ತಾರಬೇ" ಎನ್ನುವುದು ಮಾತ್ರ ಓಣಿಗೆಲ್ಲ ಕೇಳುತ್ತಿತ್ತು.

"ನಂದು ಬ್ಯೂಟಿ ಪಾರ್ಲರ್ ಅಲ್ರಿ" ಎಂದೆ. "ಇದ್ದ ಬಣ್ಣಾನ ಮಾಡತೀನಿ."

"ಹಂಗಾದ್ರ ಅವರವ್ವನ್ನ ಕರಸ್ರಿ. ಹೆತ್ತಾಕಿ ಕೊಟ್ಟ ಬಣ್ಣಾನ ನನ್ನ ಗ್ವಾಡಿಗೆ. ಯಾ ತಾಯಿ ತನ್ನ ಮಗಳು ಕರೇಕಿ ಅಂತಾಳ?" ನಗುತ್ತ ಹೋದಳು.

ತಾಯಿ ಮೊರಬದಿಂದ ಬಸ್ಸಿಗೆ ಬಂದಳು. ಇಸ್ತ್ರಿಯ ಸೀರೆ, ಬಿಗಿದು ಕಟ್ಟಿದ ತುರುಬು. ಮಗಳ ಫೋಟೋಗಳೆಲ್ಲ ಮೊಬೈಲಿನ ಫಿಲ್ಟರಿನಲ್ಲಿ ಹಿಟ್ಟಿನಂತೆ ಬೆಳ್ಳಗಾಗಿದ್ದವು.

"ಆಕಿ ಬಣ್ಣ ಅಗದಿ ನಂದರಿ" ಎಂದಳು. "ಆ ಮನ್ಯಾಗ ಮಂದಿ ಮಾತು ಕೇಳಿ ಕೇಳಿ ದಿನಾ ಮಾರಿ ತಿಕ್ಕೊಂಡ್ಲು. ಕಡ್ಲಿಹಿಟ್ಟ ಹಚ್ಚಿದ್ಲು, ಲಿಂಬಿಹಣ್ಣ ಹಚ್ಚಿದ್ಲು. ಅದ ಗ್ವಾಡಿ ಮ್ಯಾಲೆ ತನ್ನ ಬಣ್ಣದಾಗ ಕುಂದರಲಿ. ನನಗ ಅಷ್ಟ ಸಾಕ್ರಿ."

ಮುಂಗೈ ಇಟ್ಟಳು. ಮಗಳ ಮುಖ ನೋಡಲಾಗದೆ ತಾನು ಕಿಟಕಿಯ ಕಡೆ ತಿರುಗಿ ಕೂತಳು. ನಾನು ಆ ಕೈಯನ್ನೇ ನೋಡುತ್ತ ಮುಖಕ್ಕೆ, ಕೊರಳಿಗೆ, ಕೈಗೆ ಬಣ್ಣ ಕೂಡಿಸಿದೆ. ಕೋಣೆಯಲ್ಲಿ ಏನೋ ಹಳೆಯ, ಹಿತವಾದ ವಾಸನೆ ಇತ್ತು. ಸ್ಕೂಲಿನ ದಿನಗಳು ನೆನಪಾದವು.

ಪ್ರಿಂಟು ಫ್ರೇಮಾಗಿ ಬಂದ ದಿನ ಇಬ್ಬರನ್ನೂ ಕರೆಸಿದೆ.

"ಎಷ್ಟ ಲಕ್ಷಣ ಆಗೇತ್ರಿ" ಎಂದಳು ಅತ್ತೆ.

ತಾಯಿ ಬಹಳ ಹೊತ್ತು ನೋಡಿದಳು. "ಇದು ಯಾರ್ರಿ?" ಎಂದು ನನ್ನನ್ನು ಕೇಳಿದಳು.

ಟ್ಯಾಬ್ಲೆಟ್ ತೆಗೆದು ನೋಡಿದೆ. ಎಲ್ಲ ಮೋಡ್ ಆಫ್ ಇದ್ದವು. ಪ್ರಿಂಟೂ ಸ್ಕ್ರೀನೂ ಒಂದೇ ಇದ್ದವು. ಆಕೆಯ ಕೈ ಹಿಡಿದು ಮತ್ತೆ ಸ್ಕ್ರೀನಿನ ಹತ್ತಿರ ಇಟ್ಟೆ. ಮಗಳು ಬೆಳ್ಳಗಿದ್ದಳು, ತಾಯಿಯ ಕೈ ಕರ್ರಗಿತ್ತು.

"ಅವತ್ತ ಪೌಡರ್ ಹಚಗೊಂಡಿದ್ದೆ" ಎಂದಳು ಆಕೆ. "ಫೋಟೋದ ಕೆಲಸ ಅಂದಿದ್ರಲ್ರೀ. ಮಾರಿಗೆ ಹಚ್ಚಿ ಹಂಗ ಕೈಗೂ ಸವರಿದೆ."

ನಮ್ಮ ಕಡೆ ಪೌಡರ್ ಹಚ್ಚದೆ ಫೋಟೋಕ್ಕೆ ಯಾರು ಹೋಗುತ್ತಾರೆ? ಕಾನ್ವೆಂಟಿನಲ್ಲಿ ಗ್ರೂಪ್ ಫೋಟೋದ ದಿನ ಆ ಡ್ರಾಯಿಂಗ್ ಸಿಸ್ಟರೇ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಪ್ಪು ಹುಡುಗಿಯರಿಗೆ ಎರಡೆರಡು ಸಲ ಪಫ್ ಒತ್ತುತ್ತಿದ್ದರು.

"ಇದನ್ನ ಬಿಡ್ರಿ, ಬ್ಯಾರೆ ಮಾಡಿ ಕೊಡತೀನಿ" ಎಂದೆ.

ಅತ್ತೆ ಅಷ್ಟರೊಳಗೆ ಫ್ರೇಮನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. "ಯಾಕ್ರಿ? ಹೆತ್ತಾಕಿ ಕೈ ನೋಡೇ ಮಾಡೀರಿ. ನಾ ಒಬ್ಬಾಕೀನ ಕರೇಕಿ ಅಂತಿದ್ದೆ ಅಂತ ಊರೆಲ್ಲಾ ಆಡಕೊಂತಿತ್ತು. ನೋಡ್ರಿಲ್ಲೆ, ಅವ್ವಗೂ ಬ್ಯಾಡಾಗಿತ್ತು ಆ ಬಣ್ಣ."

ತಾಯಿ ಸೆರಗಿನ ತುದಿಯಿಂದ ಮುಂಗೈ ತಿಕ್ಕತೊಡಗಿದಳು. ಈ ಸಲ ಆ ಕೈಗೆ ಪೌಡರೇ ಇರಲಿಲ್ಲ.

ಬೀಗರು ಬಂದರು. ಗೋಡೆ ನೋಡಿ, ಇಂಥ ಚಂದದ ಸೊಸೆ ಹೋದಳಲ್ಲ ಎಂದು ಮರುಗಿ, ಹೋಳಿಗೆ ಉಂಡು ಹೋದರು. ನಾನು ಖರೇ ಬಣ್ಣದ್ದೊಂದು ಮಾಡಿಸಿಕೊಂಡು ಮೊರಬಕ್ಕೆ ಹೋದೆ. ಆಕೆ ಅದನ್ನು ಕೈಗೆ ತಗೊಳ್ಳಲಿಲ್ಲ.

"ನಮ್ಮ ಮನ್ಯಾಗ ಆಕೀ ಬಣ್ಣ ಎಲ್ಲಾರಿಗೂ ಗೊತ್ತೈತ್ರಿ" ಎಂದಳು. "ಬೇಕಾಗಿದ್ದು ಆ ಗ್ವಾಡಿಗೆ."